ಹರಿದ ಗಾಯವೋ, ಕೊಯ್ದ ಗಾಯವೋ?

ಪ್ರಶ್ನೆ: ರೈಲು ಹತ್ತುವಾಗ ಜಾರಿ ಮಗನ ಮೊಣಕಾಲಿನ ಕೆಳಗೆ ಪ್ಲಾಟ್‌ಫಾರ್ಮಿನ ಅಂಚು ಬಡಿಯಿತು. ಆಸ್ಪತ್ರೆಯ ಚೀಟಿಯಲ್ಲಿ ‘ಸಿಎಲ್‌ಡಬ್ಲ್ಯೂ 4×1×0.5 ಸೆಂ.ಮೀ.’ ಎಂದಿದೆ. ಹಾಗೆಂದರೇನು? ಕನ್ನಡದಲ್ಲಿ ಏನೆನ್ನಬೇಕು?
– ಓದುಗರು, ಡೊಂಬಿವಲಿ

ಉತ್ತರ: ‘ಕಂಟ್ಯೂಸ್ಡ್ ಲ್ಯಾಸರೇಟೆಡ್ ವೂಂಡ್’ ಎಂಬುದರ ಮೊದಲಕ್ಷರಗಳವು. ಜಜ್ಜಿ ಹರಿದ ಗಾಯ ಎಂದರ್ಥ. ಅಂಕಿಗಳು ಕ್ರಮವಾಗಿ ಉದ್ದ, ಅಗಲ, ಆಳ. ‘ಲ್ಯಾಸರೇಟ್’ ಬಂದದ್ದು ‘ಹರಿ, ಹರಿದುಹಾಕು’ ಎನ್ನುವ ಲ್ಯಾಟಿನ್ ಧಾತುವಿನಿಂದ.

ನಿಘಂಟು ನೋಡಿ ‘ಸೀಳುಗಾಯ’ ಎಂದು ಬರೆಯುವವರಿದ್ದಾರೆ. ತಪ್ಪಲ್ಲ, ಆದರೆ ಸೀಳು ಎಂದೊಡನೆ ಕೊಡಲಿ ಕಣ್ಣಿಗೆ ಬರುತ್ತದೆ. ‘ಹರಿದ ಗಾಯ’ವೇ ವಾಸಿ. ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿದರೆ ಅಂಚು ನೇರ. ಕೈಯಿಂದ ಹರಿದರೆ ಅಂಚು ಅಂಕುಡೊಂಕು, ನಡುವೆ ಒಂದೆರಡು ಎಳೆ ತುಂಡಾಗದೆ ಉಳಿಯುತ್ತವೆ. ಚರ್ಮವೂ ಹಾಗೆಯೇ. ಮೊಂಡು ವಸ್ತು ಬಡಿದು ಹರಿದ ಗಾಯದೊಳಗೆ ಸಣ್ಣ ನರ, ನಾರುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಸೇತುವೆಯಂತೆ ಉಳಿದಿರುತ್ತವೆ. ಅಂಚು ಕಂದಿರುತ್ತದೆ, ಧೂಳು ಸೇರಿರುತ್ತದೆ. ರಕ್ತನಾಳಗಳು ಜಜ್ಜಿಹೋಗುವುದರಿಂದ ಬ್ಲೇಡು ಕೊಯ್ದಷ್ಟು ರಕ್ತ ಬಾರದಿರಬಹುದು. ಅದನ್ನೇ ನೋಡಿ ಗಾಯ ಸಣ್ಣದು ಎಂದುಕೊಳ್ಳಬೇಡಿ. ನೆತ್ತಿ, ಹುಬ್ಬು, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಮಾತ್ರ ಚರ್ಮ ನೇರವಾಗಿ ಒಡೆದು ಚಾಕು ಕೊಯ್ದಂತೆಯೇ ಕಾಣುವುದುಂಟು. ಭೂತಗನ್ನಡಿ ಹಿಡಿದರೆ ಗುಟ್ಟು ರಟ್ಟಾಗುತ್ತದೆ.

ಪ್ರಶ್ನೆ: ಊರಿನ ಪೊಲೀಸ್ ಕಾಗದದಲ್ಲಿ ‘ರಕ್ತಗಾಯ, ಗುಪ್ತಗಾಯ, ತರಚಿದ ಗಾಯ’ ಎಂದಿದೆ. ಇಲ್ಲಿ ಮರಾಠಿಯಲ್ಲಿ ಹೇಗೆ ತಿಳಿಸಲಿ?
– ಓದುಗರು, ಪಿಂಪ್ರಿ

ಉತ್ತರ: ತರಚಿದ್ದು ಮರಾಠಿಯ ‘ಖರಚಟಣೆ’. ಗುಪ್ತಗಾಯವೆಂದರೆ ರಕ್ತ ಹೊರಬಾರದ ಒಳಪೆಟ್ಟು, ನಮ್ಮ ‘ಮೂಗೇಟು’. ಮರಾಠಿಯವರು ಇದನ್ನು ‘ಮುಕಾ ಮಾರ್’ ಎನ್ನುತ್ತಾರೆ. ಎರಡೂ ಭಾಷೆಗೆ ಆ ಪೆಟ್ಟು ಮೂಕವೇ! ತೊಡಕಿರುವುದು ‘ರಕ್ತಗಾಯ’ದಲ್ಲಿ. ಹರಿದದ್ದೋ ಕೊಯ್ದದ್ದೋ ಅದು ಹೇಳುವುದೇ ಇಲ್ಲ. ಹರಿತ ಆಯುಧವೋ ಮೊಂಡು ಆಯುಧವೋ ಎಂಬುದರ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಮೇ ಬದಲಾಗಬಹುದು. ಹಾಗಾಗಿ ವೈದ್ಯರ ಗಾಯದ ಪ್ರಮಾಣಪತ್ರದಲ್ಲಿರುವ ಪದವನ್ನೇ ಮುಂದಿಡಿ.

ಪ್ರಶ್ನೆ: ತಗಡು ತಾಗಿ ಕೈ ಹರಿದರೆ ಅರಿಸಿನ ಹಚ್ಚಬಹುದೇ?
– ಓದುಗರು, ವಾಸ್ಕೋ

ಉತ್ತರ: ಬೇಡ. ಅರಿಸಿನವಾಗಲಿ ಕಾಫಿ ಪುಡಿಯಾಗಲಿ ಗಾಯದೊಳಗೆ ಕೂತರೆ ಹೊಲಿಗೆಗೆ ಮುನ್ನ ಅದನ್ನು ತೆಗೆಯುವುದೇ ಒಂದು ಕೆಲಸ. ಶುದ್ಧ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ಇಣುಕಿದರೆ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ರಕ್ತ ನಿಂತ ಮೇಲೆ ಹರಿಯುವ ನಲ್ಲಿ ನೀರಲ್ಲಿ ತೊಳೆಯಿರಿ. ಗಾಯ ಬಾಯಿಬಿಟ್ಟಿದ್ದರೆ, ಬೆರಳು ಮರಗಟ್ಟಿದ್ದರೆ ಅಥವಾ ಮಡಚಲು ಬಾರದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಕೊಳೆ ಸೇರಿದ ಗಾಯವಾಗಿದ್ದು, ಹಿಂದಿನ ಧನುರ್ವಾಯು ಚುಚ್ಚುಮದ್ದಾಗಿ 5 ವರ್ಷ ದಾಟಿದ್ದರೆ ಇನ್ನೊಂದು ಬೇಕು. ನಾಯಿ ಕಚ್ಚಿ ಹರಿದಿದ್ದರೆ ಲೆಕ್ಕ ಬೇರೆ: 15 ನಿಮಿಷ ಸೋಪು ನೀರಲ್ಲಿ ತೊಳೆದು ರೇಬೀಸ್ ಲಸಿಕೆಗೆ ಹೊರಡಿ. ಅಲ್ಲಿ ಹೊಲಿಗೆಯನ್ನು ಸಾಮಾನ್ಯವಾಗಿ ಬೇಕೆಂದೇ ಮುಂದೂಡುತ್ತಾರೆ, ಅವಸರಪಡಿಸಬೇಡಿ.