ಕಾಸು ಹಾಕುವ ಹಳೆಯ ತೂಕದ ಯಂತ್ರಕ್ಕೆ ಬೆಲೆ ಕಟ್ಟುವುದು ಹೇಗೆ?

ಹಾಸನದ ಮುಚ್ಚಿದ ಚಿತ್ರಮಂದಿರವೊಂದರಿಂದ ಕೊಂಡ, ಕಾಸು ಹಾಕಿದರೆ ತೂಕದ ಚೀಟಿ ಉದುರಿಸುವ ಯಂತ್ರದ ಬೆಲೆ ಕೇಳಿದ್ದೀರಿ. ಫೋಟೊ ನೋಡಿಯೇ ಅಂಕಿ ಹೇಳುವವರನ್ನು ನಂಬಬೇಡಿ.

ಮೊದಲು ಹಿಂಬದಿಯ ಬಾಗಿಲು ತೆಗೆಸಿ. ಸನ್ನೆಕೋಲುಗಳು, ಸ್ಪ್ರಿಂಗ್, ಚೀಟಿಗೆ ಅಚ್ಚೊತ್ತುವ ಭಾಗ, ಖೋಟಾ ನಾಣ್ಯವನ್ನು ಹೊರದಬ್ಬುವ ಭಾಗ ಎಲ್ಲವೂ ಮೂಲದವೇ ಎಂದು ನೋಡಿ. ಇವುಗಳಲ್ಲಿ ಒಂದು ಕಳೆದಿದ್ದರೂ ಲೇತ್‌ನಲ್ಲಿ ಹೊಸದಾಗಿ ಮಾಡಿಸಬೇಕಾದೀತು. ಆ ಖರ್ಚು ಯಂತ್ರದ ಬೆಲೆಯನ್ನೇ ನುಂಗಬಹುದು.

ಕಾಲವನ್ನು ನಾಣ್ಯದ ಕಿಂಡಿಯ ಬಳಿಯ ಬರಹ ಹೇಳುತ್ತದೆ. ‘ಆಣೆ’ ಎಂದಿದ್ದರೆ ದಶಮಾಂಶ ನಾಣ್ಯ ಬಂದ 1957ಕ್ಕಿಂತ ಹಿಂದಿನದಿರಬಹುದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಕಿಂಡಿಯ ಅಂಚಿನಲ್ಲಿ ಅರದಿಂದ ಉಜ್ಜಿದ ಗುರುತಿದ್ದರೆ ನಂತರದ ನಾಣ್ಯಕ್ಕೆಂದು ಅಗಲಿಸಿದ್ದಾರೆ ಎಂದೇ ಅನುಮಾನಿಸಿ.

ದಯವಿಟ್ಟು ಬಣ್ಣ ಬಳಿಸಬೇಡಿ. ಸಂಗ್ರಾಹಕರು ಮಾಸಿದ ಮೂಲ ಬಣ್ಣಕ್ಕೂ ತಯಾರಕರ ಫಲಕಕ್ಕೂ ಹೆಚ್ಚು ಕೊಡುತ್ತಾರೆ; ಗುಜರಿಯವರಿಗೆ ಮಾತ್ರ ಎರಡೂ ಒಂದೇ, ಅವರದು ಕಿಲೋ ಲೆಕ್ಕ. ಮಾರುವ ಮುನ್ನ ಹರಾಜುಗಳಲ್ಲಿ ಇಂಥವು ನಿಜವಾಗಿ ಮಾರಾಟವಾದ ದರ ನೋಡಿ, ಮಾಲೀಕರು ಕೇಳಿದ ದರವನ್ನಲ್ಲ. ಯಂತ್ರಕ್ಕೆ ನೂರು ವರ್ಷ ದಾಟಿದ್ದರೆ, ಹಳೆಯ ವಸ್ತುಗಳನ್ನು ದೇಶದ ಹೊರಗೆ ಸಾಗಿಸುವುದನ್ನು ನಿರ್ಬಂಧಿಸುವ 1972ರ ಪುರಾವಸ್ತು ಕಾಯ್ದೆ ಅನ್ವಯಿಸಬಹುದು. ವಿದೇಶದ ಗಿರಾಕಿಗೆ ಮಾತು ಕೊಡುವ ಮೊದಲು ಅದನ್ನು ವಿಚಾರಿಸಿ.