ಪ್ರತಿಕ್ರಿಯೆ: ತಪ್ಪು ಪುಡಿಯದಲ್ಲ, ಬೆಳಕಿನದು
ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕರಗಿಸಿದ ನೀರಿಗೆ, ಬೆಳಕಿನ ನೆರವಿನಿಂದ ಬಣ್ಣವನ್ನು ಒಡೆಯುವ ಟೈಟಾನಿಯಂ ಡೈಆಕ್ಸೈಡ್ ಪುಡಿ ಬೆರೆಸಿ ಎರಡು ದಿನ ಎಲ್‌ಇಡಿ ದೀಪದಡಿ ಇಟ್ಟರೂ ಬಣ್ಣ ಹೋಗಲಿಲ್ಲ, ಪುಡಿ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಖಂಡಿತ ಪುಡಿಯನ್ನು ಎಸೆಯಬೇಡಿ. ಈ ಪುಡಿಯ ಅನಾಟೇಸ್ ಎಂಬ ಹರಳು ರೂಪದ ಬ್ಯಾಂಡ್ ಅಂತರ (ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಅಂದರೆ ಸುಮಾರು 387 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಕಿರಣ ಬಿದ್ದರೆ ಮಾತ್ರ ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ, ಬೇರೆ ಅಣುಗಳೊಂದಿಗೆ ತಟ್ಟನೆ ವರ್ತಿಸುವ ಚುರುಕು ತುಣುಕನ್ನು ಹುಟ್ಟಿಸುತ್ತದೆ. ಬಣ್ಣದ ಅಣುವನ್ನು ಮುಖ್ಯವಾಗಿ ಒಡೆಯುವುದು ಅದೇ. ಬಿಳಿ ಎಲ್‌ಇಡಿಯಲ್ಲಿ ಆ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿಗಿಟ್ಟು ನೋಡಿ, ಕಲಕುತ್ತಲೇ ಇರಿ: ತಳದಲ್ಲಿ ಕುಳಿತ ಪುಡಿಗೆ ಬೆಳಕು ಸರಿಯಾಗಿ ತಾಗುವುದಿಲ್ಲ. ಅದಕ್ಕೂ ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕಿ, ಪುಡಿ ಬರಿದೇ ಹೀರಿಕೊಂಡ ಬಣ್ಣವನ್ನು ಲೆಕ್ಕದಿಂದ ತೆಗೆಯಿರಿ. ಈ ಹಂತವಿಲ್ಲದ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.