ಬಣ್ಣ ಆಮೇಲೆ, ಮೊದಲು ಅಳತೆ: ಕೀಕ್ಯಾಪ್ ಬದಲಾವಣೆ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ಕಡಿಮೆ ಬೆಲೆಯ 68 ಕೀಗಳ ಮೆಕ್ಯಾನಿಕಲ್ (ಪ್ರತಿ ಕೀಗೂ ಪ್ರತ್ಯೇಕ ಸ್ವಿಚ್ ಇರುವ) ಕೀಬೋರ್ಡ್ ಕೊಂಡಿದ್ದೇನೆ. ಅದಕ್ಕೆ 104 ಕೀಕ್ಯಾಪ್‌ಗಳ (ಕೀಗಳ ಮೇಲೆ ಕೂರುವ ಪ್ಲಾಸ್ಟಿಕ್ ಟೊಪ್ಪಿಗೆಗಳ) ಸೆಟ್ ತರಿಸಬೇಕೆಂದಿದ್ದೇನೆ. ನನ್ನದರಲ್ಲಿ ಕೀಗಳು ಕಡಿಮೆಯೇ ಇರುವುದರಿಂದ ಹೊಂದಿಕೊಳ್ಳುತ್ತದಲ್ಲವೇ?
– ದಾವಣಗೆರೆಯ ಓದುಗರು

ಉತ್ತರ: ಹೊಂದುವುದಿಲ್ಲ. ಅತಿ ಹೆಚ್ಚು ಹಣ ಪೋಲಾಗುವುದು ಇಲ್ಲಿಯೇ. ಅಕ್ಷರದ ಕೀಗಳೆಲ್ಲ ಸರಿಯಾಗಿ ಕೂರುತ್ತವೆ. ಕೈಕೊಡುವುದು ಬಲಗಡೆಯ ಶಿಫ್ಟ್, ಆಲ್ಟ್, ಕಂಟ್ರೋಲ್ ಕೀಗಳು.

ಕೀಗಳ ಅಗಲವನ್ನು 'ಯು' ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಅಕ್ಷರದ ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಇರುವ ದೂರವೇ 1 ಯು, ಅಂದರೆ 19.05 ಮಿ.ಮೀ. ಕ್ಯಾಪ್‌ನ ಬುಡ ಅದಕ್ಕಿಂತ ಸುಮಾರು 1 ಮಿ.ಮೀ. ಕಿರಿದು. ಈ ಲೆಕ್ಕದಲ್ಲಿ 1.25 ಯು ಕ್ಯಾಪ್ ಸುಮಾರು 22.8 ಮಿ.ಮೀ., 1.75 ಯು 32.3, 2.25 ಯು 41.9, 2.75 ಯು 51.4, 6.25 ಯು ಸ್ಪೇಸ್ ಬಾರ್ ಸುಮಾರು 118 ಮಿ.ಮೀ. ಇರುತ್ತವೆ. 104ರ ಸೆಟ್‌ನಲ್ಲಿ ಬಲ ಶಿಫ್ಟ್ 2.75 ಯು, ಸ್ಪೇಸ್ ಬಾರ್‌ನ ಎರಡೂ ಬದಿಯ ಕೀಗಳು 1.25 ಯು. ನಿಮ್ಮ 68ರ ಬೋರ್ಡಿನಲ್ಲಿ ಬಾಣದ ಕೀಗಳನ್ನು ಒಳಕ್ಕೆ ಸೇರಿಸಲು ಬಲ ಶಿಫ್ಟನ್ನು ಸಾಮಾನ್ಯವಾಗಿ 1.75 ಯುಗೆ, ಬಲಗಡೆಯ ಆಲ್ಟ್, ಫಂಕ್ಷನ್, ಕಂಟ್ರೋಲ್‌ಗಳನ್ನು 1 ಯುಗೆ ಇಳಿಸಿರುತ್ತಾರೆ. ಕೊಳ್ಳುವ ಮುನ್ನ ಕೆಳಸಾಲಿನ ಪ್ರತಿಯೊಂದು ಕೀ, ಎರಡೂ ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್ ಇಷ್ಟನ್ನೂ ಸ್ಕೇಲ್ ಹಿಡಿದು ಅಳೆದು ಬರೆದುಕೊಳ್ಳಿ. ಸೆಟ್‌ನ ಚಿತ್ರದಲ್ಲಿ ಆ ಅಳತೆಯ ಕ್ಯಾಪ್‌ಗಳೆಲ್ಲ ಕಂಡರೆ ಮಾತ್ರ ಮುಂದುವರಿಯಿರಿ. 130ಕ್ಕೂ ಹೆಚ್ಚು ಕ್ಯಾಪ್‌ಗಳಿರುವ ಸೆಟ್‌ಗಳಲ್ಲಿ ಇವು ಸಾಮಾನ್ಯವಾಗಿ ಇರುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಚೆರ್ರಿ, ಒಇಎಂ ಎಂಬ ಹೆಸರಿನ ಆಕಾರಗಳ ಸೆಟ್‌ಗಳಲ್ಲಿ ಪ್ರತಿ ಸಾಲಿನ ಎತ್ತರ, ಇಳಿಜಾರು ಬೇರೆ ಬೇರೆ. ದೊಡ್ಡ ಕೀಬೋರ್ಡಿನಲ್ಲಿ ಪೇಜ್ ಅಪ್ ಅಂಕಿಗಳ ಸಾಲಿನಲ್ಲಿರುತ್ತದೆ, ನಿಮ್ಮದರಲ್ಲಿ ಅದು ಒಂದೆರಡು ಸಾಲು ಕೆಳಗಿರುತ್ತದೆ. ಅದೇ ಕ್ಯಾಪ್ ಹಾಕಿದರೆ ಪಕ್ಕದ ಕೀಗಳ ಮಟ್ಟಕ್ಕೆ ಕೂರದೆ ತಲೆ ಎತ್ತಿಕೊಂಡಿರುತ್ತದೆ. ಎಲ್ಲ ಸಾಲೂ ಒಂದೇ ಎತ್ತರವಿರುವ ಎಕ್ಸ್‌ಡಿಎ ಆಕಾರದಲ್ಲಿ ಈ ತಾಪತ್ರಯವಿಲ್ಲ. ಆದರೆ ಸಾಲುಗಳ ಇಳಿಜಾರಿಗೆ ಒಗ್ಗಿದ ಬೆರಳಿಗೆ ಅದು ಮೊದಮೊದಲು ಚಪ್ಪಟೆ ಅನ್ನಿಸುತ್ತದೆ.

ಪ್ರಶ್ನೆ: ನನ್ನ ಕೀಬೋರ್ಡಿನ ಪೆಟ್ಟಿಗೆಯ ಮೇಲೆ 'ಮೆಕ್ಯಾನಿಕಲ್ ಫೀಲ್' ಎಂದಿದೆ. ಕ್ಯಾಪ್ ಬದಲಿಸಬಹುದೇ?
– ಹಾಸನದ ಓದುಗರು

ಉತ್ತರ: ಹೆಚ್ಚಿನಂಶ ಆಗದು. 'ಫೀಲ್' ಎಂದು ಸೇರಿಸಿ ಮಾರುವವು ಬಹುತೇಕ ಒಳಗೆ ರಬ್ಬರ್ ಹಾಳೆಯಿರುವ ಸಾಧಾರಣ ಕೀಬೋರ್ಡುಗಳು. ಒಂದು ಕ್ಯಾಪ್ ಕಿತ್ತು ನೋಡಿ. ಕೆಳಗೆ ಸುಮಾರು 4 ಮಿ.ಮೀ.ನ ಅಧಿಕ ಚಿಹ್ನೆಯಾಕಾರದ ಕಡ್ಡಿ ಕಂಡರೆ ಮಾರುಕಟ್ಟೆಯ ಸಾಮಾನ್ಯ ಕ್ಯಾಪ್‌ಗಳು ಕೂರುತ್ತವೆ. ದುಂಡನೆಯ ಅಥವಾ ಚೌಕದ ಕೊಳವೆ ಕಂಡರೆ ಸೆಟ್‌ಗೆ ದುಡ್ಡು ಹಾಕಬೇಡಿ.

ಪ್ರಶ್ನೆ: ಪಿಬಿಟಿ ಪ್ಲಾಸ್ಟಿಕ್‌ನ ಕ್ಯಾಪ್ ಹಾಕಿದ ಮೇಲೆ ಸ್ಪೇಸ್ ಬಾರ್ ಒತ್ತಿದರೆ ನಿಧಾನವಾಗಿ ಮೇಲೇಳುತ್ತದೆ, ಗಲಗಲ ಸದ್ದೂ ಬರುತ್ತದೆ. ಹಳೆಯ ಕ್ಯಾಪ್‌ನಲ್ಲಿ ಹೀಗಿರಲಿಲ್ಲ.
– ಶಿವಮೊಗ್ಗದ ಓದುಗರು

ಉತ್ತರ: ಸ್ಪೇಸ್ ಬಾರ್ ಮೂರು ಕಡೆ ಕೂರುತ್ತದೆ: ನಡುವೆ ಸ್ವಿಚ್, ಎರಡೂ ಬದಿಯಲ್ಲಿ ಸ್ಟೆಬಿಲೈಜರ್. 6.25 ಯು ಬಾರ್‌ನಲ್ಲಿ ಆ ಎರಡು ಬದಿಗಳ ನಡುವೆ 100 ಮಿ.ಮೀ. ಅಂತರ. ಎರಡನ್ನೂ ಒಂದು ತಂತಿ ಜೋಡಿಸಿ, ಯಾವ ತುದಿ ಒತ್ತಿದರೂ ಇಡೀ ಬಾರ್ ಸಮವಾಗಿ ಇಳಿಯುವಂತೆ ಮಾಡುತ್ತದೆ.

ಕೇಬಲ್ ಕಿತ್ತು, ಕ್ಯಾಪ್ ತೆಗೆದು, ಸ್ವಿಚ್ ಒಂದನ್ನೇ ಒತ್ತಿ ನೋಡಿ. ಅದು ಚುರುಕಾಗಿ ಎದ್ದರೆ ಸ್ವಿಚ್ ನಿರ್ದೋಷಿ. ಆಮೇಲೆ ಸ್ಟೆಬಿಲೈಜರನ್ನು ಬೆರಳಿನಿಂದ ಎತ್ತಿ ಇಳಿಸಿ. ಒಂದು ಬದಿ ಮಾತ್ರ ಚಲಿಸಿದರೆ ಕ್ಯಾಪ್ ಎಳೆಯುವಾಗ ತಂತಿ ಕೊಕ್ಕೆಯಿಂದ ಜಾರಿದೆ ಎಂದರ್ಥ. ಸಣ್ಣ ಚಿಮಟದಿಂದ ಅದನ್ನು ಮತ್ತೆ ಒಳಕ್ಕೆ ಕೂರಿಸಿ. ಎರಡೂ ಸರಿಯಿದ್ದರೆ ದೋಷ ಕ್ಯಾಪ್‌ನದೇ. ಪಿಬಿಟಿ ಅಚ್ಚಿನಲ್ಲಿ ತಣಿಯುವಾಗ ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್‌ಗಿಂತ ಹೆಚ್ಚು ಕುಗ್ಗುತ್ತದೆ. ಉದ್ದನೆಯ ತುಂಡು ಬಾಗುತ್ತದೆ. ಬಾಗಿದ ಬಾರ್ ಸ್ಟೆಬಿಲೈಜರ್ ಕಡ್ಡಿಗಳನ್ನು ಓರೆಯಾಗಿ ಎಳೆಯುವುದರಿಂದ ಅವು ಗೂಡಿನ ಗೋಡೆಗೆ ಉಜ್ಜಿ ನಿಧಾನವಾಗುತ್ತವೆ. ಬಾರನ್ನು ಗಾಜಿನ ಮೇಲಿಟ್ಟು ಎರಡೂ ತುದಿ ಒಂದಾದ ಮೇಲೊಂದು ಒತ್ತಿ. ತೊನೆದರೆ, ಅಥವಾ ನಡುವೆ ಬೆಳಕು ನುಸುಳಿದರೆ, ಅದು ಬಾಗಿದೆ.

ಮಾರಿದವರು ಬದಲಿಸಿ ಕೊಟ್ಟರೆ ಅದೇ ಒಳ್ಳೆಯದು. ಇಲ್ಲವಾದರೆ, ಕುದಿ ಇಳಿದ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಮುಳುಗಿಸಿ, ಇಕ್ಕಳದಿಂದ ತೆಗೆದು, ದಪ್ಪ ಬಟ್ಟೆ ಹಿಡಿದು ವಿರುದ್ಧ ದಿಕ್ಕಿಗೆ ಮೆಲ್ಲಗೆ ಬಾಗಿಸಿ, ಹಾಗೆಯೇ ತಣ್ಣೀರಿನಲ್ಲಿ ಹಿಡಿಯಿರಿ. ಮೊದಲ ಸಲಕ್ಕೇ ಪೂರ್ತಿ ನೇರವಾಗುವುದು ಅಪರೂಪ; ಮತ್ತೊಮ್ಮೆ ಮಾಡಿ.

ಗಲಗಲ ಸದ್ದಿಗೆ ಮದ್ದು ಗ್ರೀಸ್. ತಂತಿ ಕೊಕ್ಕೆಗೆ ಸೇರುವ ಎರಡೂ ತುದಿಗೆ ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸನ್ನು ಸಾಸಿವೆ ಕಾಳಿನಷ್ಟು ಹಚ್ಚಿದರೆ ಸಾಕು. ತೆಂಗಿನೆಣ್ಣೆ ಮಾತ್ರ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ನಿಮ್ಮ ಸ್ಪೇಸ್ ಬಾರ್ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹರಿದು ಸ್ವಿಚ್‌ನೊಳಗೆ ಇಳಿಯುತ್ತದೆ, ಧೂಳನ್ನೂ ಸೇರಿಸಿಕೊಳ್ಳುತ್ತದೆ.

ಪ್ರಶ್ನೆ: ಕ್ಯಾಪ್ ಎಳೆದಾಗ ಸ್ವಿಚ್ಚೇ ಕಿತ್ತು ಬಂತು. ಮತ್ತೆ ಒತ್ತಿ ಕೂರಿಸಿದೆ, ಆದರೆ ಆ ಕೀ ಕೆಲಸ ಮಾಡುತ್ತಿಲ್ಲ.
– ಬೆಳಗಾವಿಯ ಓದುಗರು

ಉತ್ತರ: ಬೆಸುಗೆಯಿಲ್ಲದ ಹಾಟ್‌ಸ್ವಾಪ್ ಬೋರ್ಡುಗಳಲ್ಲಿ ಇದು ಸಾಮಾನ್ಯ. ಸ್ವಿಚ್ ಓರೆಯಾಗಿ ಕೂತು ಒಂದು ಪಿನ್ ಮಡಚಿಕೊಂಡಿರುತ್ತದೆ. ಕೇಬಲ್ ಕಿತ್ತು ಸ್ವಿಚ್ ಹೊರತೆಗೆಯಿರಿ, ಎರಡೂ ಪಿನ್ ಚಿಮಟದಿಂದ ನೇರ ಮಾಡಿ, ರಂಧ್ರಗಳಿಗೆ ಸರಿಯಾಗಿ ಎದುರಿಟ್ಟು ನೆಟ್ಟಗೆ ಒತ್ತಿ. ಮುಂದೆ ಕ್ಯಾಪ್ ಕೀಳಲು ಪ್ಲಾಸ್ಟಿಕ್ ಬಳೆಯಂಥ ಪುಲ್ಲರ್ ಬಿಟ್ಟು ತಂತಿಯ ಪುಲ್ಲರ್ ಬಳಸಿ. ಅದರ ಎರಡು ತಂತಿಗಳನ್ನು ಕ್ಯಾಪ್‌ನ ಎದುರುಬದುರು ಮೂಲೆಗಳಿಗೆ ಸಿಕ್ಕಿಸಿ, ಎಡಕ್ಕೂ ಬಲಕ್ಕೂ ತುಸು ಅಲ್ಲಾಡಿಸುತ್ತ ನೇರ ಮೇಲಕ್ಕೆ ಎಳೆಯಬೇಕು.

ಪ್ರಶ್ನೆ: ಕೀಗಳ ಮೇಲೆ ಕನ್ನಡ ಅಕ್ಷರ ಬೇಕು. ಹೇಗೆ ಮಾಡಿಸುವುದು?
– ಹುಬ್ಬಳ್ಳಿಯ ಡಿಟಿಪಿ ಕೆಲಸಗಾರರು

ಉತ್ತರ: ನೀವು ಟೈಪ್ ಮಾಡುವ ವಿನ್ಯಾಸ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನುಡಿ ತಂತ್ರಾಂಶದ ಕೆ.ಪಿ. ರಾವ್ ವಿನ್ಯಾಸದಲ್ಲಿ 'ಕೆ' ಒತ್ತಿದರೆ ಕ, 'ಆರ್' ಒತ್ತಿದರೆ ರ. ಉಚ್ಚಾರಣೆ ಹೊಂದುವುದರಿಂದ ಇಂಗ್ಲಿಷ್ ಕ್ಯಾಪ್‌ಗಳೇ ಬಹುಪಾಲು ಸಾಕು. ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಹಾಗಲ್ಲ. ಅಲ್ಲಿ 'ಎಚ್' ಕೀಯಲ್ಲಿ ಪ, 'ಜೆ'ಯಲ್ಲಿ ರ, 'ಎಲ್'ನಲ್ಲಿ ತ ಇವೆ. ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ (್) ಇನ್‌ಸ್ಕ್ರಿಪ್ಟ್‌ನಲ್ಲಿ 'ಡಿ' ಕೀಯಲ್ಲಿದ್ದರೆ ರಾವ್ ವಿನ್ಯಾಸದಲ್ಲಿ 'ಎಫ್' ಕೀಯಲ್ಲಿದೆ. ಕನ್ನಡ ಮುದ್ರಣದ ಸೆಟ್ ನಿಜವಾಗಿ ನೆರವಾಗುವುದು ಇನ್‌ಸ್ಕ್ರಿಪ್ಟ್ ಬಳಸುವವರಿಗೆ.

ಮಾಡಿಸುವುದಾದರೆ 26 ಕ್ಯಾಪ್‌ಗೆ ನಿಲ್ಲಿಸಬೇಡಿ. ಇನ್‌ಸ್ಕ್ರಿಪ್ಟ್‌ನಲ್ಲಿ ಚ, ಟ, ಡ ಇರುವುದು ವಿರಾಮ ಚಿಹ್ನೆಗಳ, ಆವರಣಗಳ ಕೀಗಳಲ್ಲಿ. ಜ್ಞ, ಕ್ಷ, ಶ್ರ ಅಂಕಿಗಳ ಸಾಲಿನಲ್ಲಿ. ಅಕ್ಷರ ಮೂಡಿಸುವ 47 ಕೀಗಳಿಗೂ ಮುದ್ರಣ ಬೇಕು. ಸಣ್ಣ ಸಂಖ್ಯೆಯಲ್ಲಿ ಮಾಡಿಸಲು ಶಾಖದಿಂದ ಬಣ್ಣ ಇಳಿಸುವ ಡೈ ಸಬ್ಲಿಮೇಶನ್ ಸೂಕ್ತ: ಬಣ್ಣ ಪಿಬಿಟಿಯೊಳಗೆ ಇಳಿಯುವುದರಿಂದ ಬೆರಳ ಉಜ್ಜಿಗೆ ಅಳಿಸುವುದಿಲ್ಲ. ಆದರೆ ಅಕ್ಷರದ ಬಣ್ಣ ಕ್ಯಾಪ್‌ಗಿಂತ ಗಾಢವೇ ಆಗಿರಬೇಕು. ಕಪ್ಪು ಕ್ಯಾಪ್ ಮೇಲೆ ಬಿಳಿ ಅಕ್ಷರ ಈ ವಿಧಾನದಲ್ಲಿ ನೇರವಾಗಿ ಬಾರದು. ಬಿಳಿ, ಕೆನೆ, ತಿಳಿಬೂದು ಕ್ಯಾಪ್ ಆರಿಸಿ. ಕೀಯೊಳಗಿನ ದೀಪದ ಬೆಳಕೂ ಅಕ್ಷರದಿಂದ ಹಾಯುವುದಿಲ್ಲ. ಅದಕ್ಕೆ ಎರಡು ಪ್ಲಾಸ್ಟಿಕ್ ಸೇರಿಸಿ ಎರಕ ಹೊಯ್ದ ಡಬಲ್ ಶಾಟ್ ಕ್ಯಾಪ್ ಬೇಕು. ಅದರ ಅಚ್ಚು ಒಬ್ಬರಿಗಾಗಿ ಮಾಡಿಸುವ ಖರ್ಚಿನದಲ್ಲ.

ಕಡತ ಕಳಿಸುವಾಗ ಒಂದು ಎಚ್ಚರ. ಅಕ್ಷರಗಳನ್ನು ಪಠ್ಯವಾಗಿ ಕಳಿಸಿದರೆ ಕನ್ನಡ ಜೋಡಣೆ ತಿಳಿಯದ ತಂತ್ರಾಂಶದಲ್ಲಿ ಕ್ಷ, ಜ್ಞ ಒಡೆದು ಬಿಡಿಬಿಡಿಯಾಗಿ ಅಚ್ಚಾಗುತ್ತವೆ. ಎಲ್ಲವನ್ನೂ ಔಟ್‌ಲೈನ್‌ಗೆ, ಅಂದರೆ ಅಕ್ಷರದ ಆಕಾರದ ಗೆರೆಗಳಿಗೆ, ಬದಲಿಸಿಯೇ ಕಳಿಸಿ. ತೆಳು ಗೆರೆಯ ಫಾಂಟ್ ಬೇಡ. ದೀರ್ಘದ ಕೊಂಬು, ತಲೆಕಟ್ಟು ಮಸುಕಾಗುತ್ತವೆ. ಅದೇ ಅಳತೆಯಲ್ಲಿ ಕಾಗದಕ್ಕೆ ಮುದ್ರಿಸಿ, ಕತ್ತರಿಸಿ, ಕೀಗಳ ಮೇಲಿಟ್ಟು ಓದಿ ನೋಡಿದ ಮೇಲೆ ಒಪ್ಪಿಗೆ ಕೊಡಿ. 'ಎಫ್', 'ಜೆ' ಕ್ಯಾಪ್‌ಗಳಲ್ಲಿ ಬೆರಳಿಗೆ ತಾಗುವ ಗೆರೆ ಇದೆಯೇ ಎಂದೂ ಕೇಳಿ.

ಪ್ರಶ್ನೆ: ಚೆರ್ರಿ ಆಕಾರದ ಕ್ಯಾಪ್ ಹಾಕಿದ ಮೇಲೆ ನಡುಸಾಲಿನ ಕೀಗಳು ಟಕ್ ಎಂದು ಗಡುಸಾಗಿ ಬಡಿಯುತ್ತವೆ. ಏಕೆ?
– ಮಂಗಳೂರಿನ ಓದುಗರು

ಉತ್ತರ: ಸ್ವಿಚ್‌ನ ಎಲ್‌ಇಡಿ ಕಿಂಡಿ ಅಂಕಿಗಳ ಸಾಲಿನ ಕಡೆ ಮುಖ ಮಾಡಿರುವ ಬೋರ್ಡುಗಳಲ್ಲಿ, ಗಿಡ್ಡನೆಯ ಚೆರ್ರಿ ಕ್ಯಾಪ್‌ನ ಒಳಗೋಡೆ ಸ್ವಿಚ್‌ನ ಮೇಲ್ಭಾಗಕ್ಕೆ ತಾಗುತ್ತದೆ. ಹೆಚ್ಚಾಗಿ 'ಎ' ಇಂದ 'ಎಲ್' ವರೆಗಿನ ಸಾಲಿನಲ್ಲಿ ಇದು ಕಾಣುತ್ತದೆ. ಕ್ಯಾಪ್‌ನ ಕಾಲಿಗೆ ತೆಳು ರಬ್ಬರ್ ಉಂಗುರ ಹಾಕಿದರೆ ಬಡಿತ ತಗ್ಗುತ್ತದೆ, ಕೀ ಇಳಿಯುವ ಆಳವೂ ತುಸು ಕಡಿಮೆಯಾಗುತ್ತದೆ. ಶಾಶ್ವತ ಪರಿಹಾರ ಬೇಕಿದ್ದರೆ ಎತ್ತರದ ಒಇಎಂ ಆಕಾರದ ಸೆಟ್.

ಪ್ರಶ್ನೆ: ಹಳೆಯ ಕ್ಯಾಪ್‌ಗಳನ್ನು ತೊಳೆದು ಮತ್ತೆ ಬಳಸಬಹುದೇ?
– ಕೋಲಾರದ ಓದುಗರು

ಉತ್ತರ: ಬಳಸಬಹುದು. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಕೆಲವು ಹನಿ ಹಾಕಿ ಅರ್ಧ ಗಂಟೆ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಉಗುರು ಬಣ್ಣ ತೆಗೆಯುವ ಅಸಿಟೋನ್ ಎಬಿಎಸ್ ಪ್ಲಾಸ್ಟಿಕನ್ನೇ ಕರಗಿಸುತ್ತದೆ, ಅದನ್ನು ಹತ್ತಿರಕ್ಕೂ ತರಬೇಡಿ. ಎಬಿಎಸ್ ಕ್ಯಾಪ್ ಸವೆದು ಹೊಳಪು ಬಂದಿದ್ದರೆ ಅದು ಕೊಳೆಯಲ್ಲ, ತೊಳೆದರೂ ಹೋಗದು. ಕಡ್ಡಿ ಕೂರುವ ಕುಳಿಯಲ್ಲಿ ನೀರು ನಿಲ್ಲುವುದರಿಂದ ಒಮ್ಮೆ ಕೊಡವಿ, ಕುಳಿ ಕೆಳಮುಖವಾಗಿ ಬಟ್ಟೆಯ ಮೇಲೆ ಒಂದು ದಿನ ಒಣಗಿಸಿ. ಮಳೆಗಾಲದಲ್ಲಿ ಎರಡು ದಿನ ಬಿಟ್ಟು ಜೋಡಿಸಿ.